ಗೆದ್ದವನ ಭಕ್ಷೀಸು

ಮೊನ್ನೆ ನನ್ನ ಸ್ನೇಹಿತರೊಬ್ಬರು ಗೋವೆಗೆ ಹೋಗಿ ಬಂದರು. ಮಂಗೇಶಿಯ ದರ್ಶನಕ್ಕೆಂದು ಮನೆಯಲ್ಲಿ ಹೇಳಿ ಹೋಗಿದ್ದರು. ಸುಳ್ಳಲ್ಲ, ಹಗಲಿನಲ್ಲಿ ದರ್ಶನವೂ ಆಯಿತಂತೆ. ರಾತ್ರಿ ಮಾತ್ರ ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತ ಜೂಜಿನ ಹಡಗಿನ ಮೇಲೆ ಕಳೆಯಿತು. ಗದಗ-ಬೆಟಗೇರಿಯವರಿಗೆ ಪಣಜಿ ಈಗ ಪರದೇಶವಲ್ಲ. ಹುಬ್ಬಳ್ಳಿ ದಾಟಿ ಘಾಟು ಇಳಿದರೆ ಸಂಜೆಗೆ ಅಲ್ಲಿರಬಹುದು. ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿ, ಮುಂಡರಗಿಯ ಉಳ್ಳಾಗಡ್ಡಿ ದಲಾಲಿ, ಶಿರಹಟ್ಟಿಯ ಗುತ್ತಿಗೆದಾರ, ಗದಗಿನ ವಕೀಲ, ಎಲ್ಲರಿಗೂ ಆ ಹಡಗಿನ ದೀಪಗಳ ಪರಿಚಯವಿದೆ. ಪರಿಚಯವಿಲ್ಲವೆಂದು ಹೇಳುವವರಿಗೆ ಇನ್ನೂ ಹೆಚ್ಚಿನ ಪರಿಚಯವಿದೆ.

ಬಂದ ಮರುದಿನ ನಾವಿಬ್ಬರೂ ಊರಿನ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಸ್ನೇಹಿತರು ರಾತ್ರಿಯ ವೃತ್ತಾಂತವನ್ನು ಬಣ್ಣಿಸಿದರು. ಎಲೆ ಹಂಚುವ ಹುಡುಗಿಯ ಕೈಚಳಕ, ಅವಳ ನಗೆ, ತಾವು ಗೆದ್ದ ಒಂದು ಆಟ, ಗೆದ್ದೊಡನೆ ಐನೂರು ರೂಪಾಯಿಯ ಬಿಲ್ಲೆಯನ್ನು ಅವಳತ್ತ ಸರಿಸಿದ್ದು, ಅವಳು ಅದನ್ನು ಮೇಜಿಗೆ ಟಕ್ಕೆಂದು ತಾಗಿಸಿ ಪೆಟ್ಟಿಗೆಯಲ್ಲಿ ಹಾಕಿ 'ಥ್ಯಾಂಕ್ಯೂ ಸರ್' ಎಂದದ್ದು, ಎಲ್ಲವನ್ನೂ ಹೇಳಿದರು. "ಅಲ್ಲಿ ರೀತಿನ ಹಂಗರೀ. ಗೆದ್ದವ ಕೊಡದಿದ್ರ ಮರ್ಯಾದಿ ಅಲ್ಲ" ಎಂದರು.

ಈ ನಡುವೆ ಖಾನಾವಳಿಯ ಹುಡುಗ ನಾಲ್ಕು ಸಲ ಬಿಸಿ ರೊಟ್ಟಿ ತಂದು ಹಾಕಿದ್ದ. ಎಣ್ಣೆಗಾಯಿ ಎರಡು ಸಲ, ಶೇಂಗಾ ಚಟ್ನಿ ಕೇಳಿದಷ್ಟು ಸಲ, ಮೊಸರು ಕೇಳುವ ಮೊದಲೇ. ಊಟ ಮುಗಿಯಿತು. ಸ್ನೇಹಿತರು ಗೋಡೆಯ ಮೇಲೆ ಅಂಟಿಸಿದ ಚೌಕಳಿ ಚೀಟಿಗೆ ಫೋನು ತೋರಿಸಿದರು. ಬಿಲ್ಲಿನ ಹಣ ಪೈಸೆ ತಪ್ಪದಂತೆ ಮಾಲಕರ ಖಾತೆಗೆ ಹೋಯಿತು. ಹುಡುಗ ಒಂದು ಗಳಿಗೆ ಅಲ್ಲೇ ನಿಂತ.

"ಯಾಕಪಾ, ರೊಕ್ಕ ಬಂದಿಲ್ಲೇನು?"

"ಬಂತ್ರೀ ಸಾಹೇಬ್ರ" ಎಂದು ಮೇಜು ಒರಸತೊಡಗಿದ.

ಹೊರಗೆ ಬಂದ ಮೇಲೆ ನಾನು ಕೇಳಿದೆ: "ಅಲ್ಲಿ ಐನೂರು ಒಗೆದು ಬಂದವರು ಇಲ್ಲಿ ಹತ್ತು ರೂಪಾಯಿ ಇಡಲಿಲ್ಲವಲ್ಲ?" ಅವರು ನಕ್ಕು ಕೊಟ್ಟ ಉತ್ತರವೇ ಈ ಲೇಖನಕ್ಕೆ ಕಾರಣ. "ಅದು ಬ್ಯಾರೆ, ಇದು ಬ್ಯಾರೆ. ಅಲ್ಲಿ ನಾ ಗೆದ್ದಿದ್ದೆ. ಇಲ್ಲಿ ಏನ ಗೆದ್ದೀನಿ? ರೊಟ್ಟಿ ತಿಂದೀನಿ, ರೊಕ್ಕ ಕೊಟ್ಟೀನಿ."

ಸ್ನೇಹಿತರು ಕೆಟ್ಟವರಲ್ಲ. ನಮ್ಮ ನಿಮ್ಮಂಥ ಗೃಹಸ್ಥರು. ಅವರ ಬಾಯಿಂದ ಬಂದದ್ದು ನಮ್ಮೆಲ್ಲರ ಮನಸ್ಸಿನಲ್ಲಿರುವ ಮಾತು. ಭಕ್ಷೀಸೆಂಬುದು ದುಡಿದವನಿಗೆ ಸಲ್ಲತಕ್ಕದ್ದಲ್ಲ, ಗೆದ್ದವನಿಗೆ ಹುಟ್ಟುವ ಹುಮ್ಮಸ್ಸು ಎಂದು ನಾವು ನಂಬಿದ್ದೇವೆ. ಈ ನಂಬಿಕೆ ತಪ್ಪು. ತಪ್ಪಷ್ಟೇ ಅಲ್ಲ, ಅದರಿಂದ ಅನ್ಯಾಯವಾಗುತ್ತಿದೆ ಎಂಬುದು ನನ್ನ ವಾದ.

ಮೊದಲು ಹಡಗಿನ ರೀತಿಯನ್ನೇ ನೋಡೋಣ. ಕರ್ನಾಟಕದಲ್ಲಿ ಸಾರ್ವಜನಿಕ ಜೂಜು ೧೯೬೩ರ ಪೊಲೀಸು ಕಾಯಿದೆಯ ಪ್ರಕಾರ ಅಪರಾಧ. ಗೋವೆಯಲ್ಲಿ ಹಾಗಲ್ಲ. ಅಲ್ಲಿಯ ೧೯೭೬ರ ಜೂಜು ನಿಷೇಧದ ಕಾಯಿದೆಗೆ ೧೯೯೨ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೊಟೇಲುಗಳಲ್ಲಿ ಯಂತ್ರದ ಜೂಜಿಗೆ ಎಡೆ ಮಾಡಿಕೊಟ್ಟರು. ೧೯೯೬ರಲ್ಲಿ ಇನ್ನೊಂದು ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಿಗೂ ಬಾಗಿಲು ತೆರೆದರು. ನಿಷೇಧಕ್ಕೆಂದು ಹುಟ್ಟಿದ ಕಾಯಿದೆಯೇ ಪರವಾನಿಗೆಯ ಕಾಯಿದೆಯಾದ ಬಗೆ ಇದು. ಅದಿರಲಿ. ಆ ಮೇಜುಗಳ ಹಿಂದೆ ನಿಂತು ಎಲೆ ಹಂಚುವವರು, ಚಕ್ರ ತಿರುಗಿಸುವವರು, ಪಾನೀಯ ತಂದು ಕೊಡುವವರು ಹೊಟ್ಟೆಪಾಡಿಗಾಗಿ ದೂರದ ಊರುಗಳಿಂದ ಬಂದ ಎಳೆಯ ಹುಡುಗ ಹುಡುಗಿಯರು. ರಾತ್ರಿಯನ್ನು ಹಗಲು ಮಾಡಿಕೊಂಡು ಬದುಕುತ್ತಾರೆ.

ಅವರಿಗೆ ಭಕ್ಷೀಸು ಕೊಡುವುದಕ್ಕೂ ಒಂದು ಶಿಷ್ಟಾಚಾರವಿದೆ. ನಗದು ಹಣವನ್ನು ಕೈಯಲ್ಲಿಡಬಾರದು. ಬಿಲ್ಲೆಯನ್ನು ಮೇಜಿನ ಮೇಲೆ ಸರಿಸಿ, ಇದು ನಿಮಗೆ ಎಂದು ಸ್ಪಷ್ಟವಾಗಿ ಹೇಳಬೇಕು. ಹಂಚುವವರು ಅದನ್ನು ಎಲ್ಲರೂ ಕೇಳುವಂತೆ ತಟ್ಟಿ ಪೆಟ್ಟಿಗೆಗೆ ಹಾಕಬೇಕು. ಕಳ್ಳತನದ ಸಂಶಯ ಬಾರದಿರಲೆಂದು ಈ ಏರ್ಪಾಡು. ಮೇಜು ಬಿಟ್ಟು ಹೋಗುವಾಗ ಅವರು ಅಂಗೈಗಳನ್ನು ತಿರುಗಿಸಿ ತೋರಿಸಿ ಹೋಗುವುದೂ ಇದಕ್ಕೇ. ಒಳ್ಳೆಯ ಎಲೆ ಬರಲೆಂದು ಕೊಡಬಾರದು, ಸೋತ ಸಿಟ್ಟಿನಲ್ಲಿ ಬಿಲ್ಲೆ ಎಸೆಯಬಾರದು. ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಎಲ್ಲಕ್ಕೂ ಮೇಲಿನ ನಿಯಮ ಒಂದಿದೆ: ಗೆದ್ದಾಗ ಕೊಡು. ದೊಡ್ಡದು ಗೆದ್ದರೆ ದೊಡ್ಡದು ಕೊಡು. ಸೋತವನು ಕೊಡದೆ ಎದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇಲ್ಲಿಯೇ ನನ್ನ ತಕರಾರು. ಸೋತವನಿಗೂ ಗೆದ್ದವನಿಗೂ ಎಲೆ ಹಂಚಿದ ಕೈ ಒಂದೇ. ಎಂಟು ತಾಸು ನಿಂತ ಕಾಲು ಒಂದೇ. ಕುಡಿದು ಕೂಗಾಡುವವನ ಮುಂದೆ ಅವಳು ತಾಳಿಕೊಂಡ ತಾಳ್ಮೆ, ಸಭ್ಯನ ಮುಂದೆ ತೋರಿದ ತಾಳ್ಮೆಗಿಂತ ಹೆಚ್ಚಿನದು. ಆದರೆ ಆ ದಿನ ಅವಳ ಮೇಜಿಗೆ ಬಂದವರೆಲ್ಲ ಸೋಲುವವರಾದರೆ ಅವಳ ಪೆಟ್ಟಿಗೆ ಖಾಲಿ. ಅವಳು ಆಡಲಿಲ್ಲ, ಆಡುವಂತೆಯೂ ಇಲ್ಲ. ಆದರೂ ಅವಳ ಅರ್ಧ ಅನ್ನ ಪರರ ಅದೃಷ್ಟದ ಮೇಲೆ ಪಣಕ್ಕಿದೆ. ದುಡಿಯುವವಳನ್ನೂ ಜೂಜುಗಾರ್ತಿಯನ್ನಾಗಿ ಮಾಡುವುದೇ ಈ ಭಕ್ಷೀಸಿನ ಪದ್ಧತಿ.

ಮಾಲಕನ ಸ್ಥಿತಿ ನೋಡಿರಿ. ಯುರೋಪಿನ ಮಾದರಿಯ ರೂಲೆಟ್ ಚಕ್ರಕ್ಕೆ ಸೊನ್ನೆಯೂ ಸೇರಿ ೩೭ ಮನೆಗಳು. ಒಂದೇ ಅಂಕೆಯ ಮೇಲೆ ಹಣ ಕಟ್ಟಿ ಗೆದ್ದವನಿಗೆ ಸಿಗುವುದು ೩೫ ಪಟ್ಟು. ಕಟ್ಟಿದ್ದನ್ನು ಮರಳಿ ಕೊಟ್ಟರೂ ೩೬ ಆಯಿತು. ಉಳಿದ ಒಂದು ಪಾಲು ಮನೆಯವನದು. ಲೆಕ್ಕ ಹಾಕಿದರೆ ಕಟ್ಟಿದ ಪ್ರತಿ ನೂರು ರೂಪಾಯಿಗೆ ಸರಾಸರಿ ಎರಡು ರೂಪಾಯಿ ಎಪ್ಪತ್ತು ಪೈಸೆ ಅವನ ತಿಜೋರಿಗೆ. ಚಕ್ರ ಸಾವಿರಾರು ಸಲ ತಿರುಗುತ್ತದೆ, ಆದ್ದರಿಂದ ಈ ಲಾಭ ಸೂರ್ಯೋದಯದಷ್ಟು ನಿಶ್ಚಿತ. ಆ ಹಡಗಿನ ಮೇಲೆ ಜೂಜಾಡದವನು ಮಾಲಕನೊಬ್ಬನೇ. ಗಿರಾಕಿ ಜೂಜಾಡುತ್ತಾನೆ, ಕೂಲಿಯವಳು ಜೂಜಾಡುತ್ತಾಳೆ, ಒಡೆಯನು ಬಡ್ಡಿ ಎಣಿಸುತ್ತಾನೆ.

ಈಗ ಹಡಗಿನಿಂದ ಇಳಿದು ನಮ್ಮೂರಿಗೆ ಬರೋಣ. ಖಾನಾವಳಿಯ ಮಾಲಕನಿಗೆ ಊಟದ ದರ ನಿಶ್ಚಿತ. ಅದನ್ನು ಹಲಗೆಯ ಮೇಲೆ ಬರೆದು ತೂಗು ಹಾಕಿದ್ದಾನೆ. ಗಿರಾಕಿಗೆ ಊಟ ನಿಶ್ಚಿತ. ಬಡಿಸುವ ಹುಡುಗನಿಗೆ? ತಿಂಗಳ ಪಗಾರವೆಂದು ಒಂದಿಷ್ಟು, ಉಳಿದದ್ದು ಸಾಹೇಬರ ಮನಸ್ಸು. ಸಾಹೇಬರ ಕೋರ್ಟಿನ ಕೆಲಸ ಗೆದ್ದಿದ್ದರೆ ಇಪ್ಪತ್ತು. ಹತ್ತಿಯ ಧಾರಣೆ ಕುಸಿದಿದ್ದರೆ ಸೊನ್ನೆ. ಹೆಂಡತಿಯೊಡನೆ ಜಗಳವಾಡಿ ಬಂದಿದ್ದರೆ ಸೊನ್ನೆಯ ಮೇಲೆ ಬೈಗಳು ಬೇರೆ. ಇವನೂ ಚಕ್ರದ ಮುಂದೆ ಕೂತವನೇ ಅಲ್ಲವೆ?

ಅದೇ ಹುಡುಗನನ್ನು ನಾನು ಮರುದಿನ ಒಬ್ಬನೇ ಹೋಗಿ ಮಾತನಾಡಿಸಿದೆ. ಅವನು ಹೇಳಿದ್ದಿಷ್ಟು: "ಮೊದಲ ಚಿಲ್ಲರ ಉಳೀತಿತ್ರೀ. ಬಡೆಸೋಪಿನ ತಾಟಿನ್ಯಾಗ ಎರಡ, ಐದ ಬಿಟ್ಟ ಹೋಗ್ತಿದ್ರು. ಫೋನ್ ಬಂದಮ್ಯಾಲೆ ತಾಟಿನ್ಯಾಗ ಸೋಪ ಅಷ್ಟ ಉಳೀತೈತ್ರೀ." ನಮ್ಮ ಆರ್ಥಿಕ ಪಂಡಿತರು ಫೋನಿನ ಹಣದ ಬಗ್ಗೆ ಎಷ್ಟೋ ಬರೆದಿದ್ದಾರೆ. ತಾಟಿನಲ್ಲಿ ಉಳಿಯುತ್ತಿದ್ದ ಚಿಲ್ಲರೆ ಎಲ್ಲಿಗೆ ಹೋಯಿತೆಂದು ಬರೆದದ್ದನ್ನು ನಾನು ಕಂಡಿಲ್ಲ. ಹೋದದ್ದು ಬೇರೆಲ್ಲಿಗೂ ಅಲ್ಲ, ನಮ್ಮ ಜೇಬಿನಲ್ಲಿಯೇ ಉಳಿಯಿತು. ನಾವು ಜಿಪುಣರಾಗಲು ನಿಶ್ಚಯಿಸಿದ್ದಿಲ್ಲ. ಯಂತ್ರವು ನಮ್ಮ ಪರವಾಗಿ ನಿಶ್ಚಯಿಸಿತು, ನಾವು ಸುಮ್ಮನಿದ್ದೆವು.

"ಒಳಗೆ ರೊಟ್ಟಿ ಬಡಿಯುವವರಿಗೆ ಏನಾದರೂ ಸಿಗುತ್ತದೆಯೇ?" ಎಂದು ಕೇಳಿದೆ. ಹುಡುಗನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅವ್ವಾರಿಗೇನ್ರೀ? ಅವರು ಒಳಗ ಇರ್ತಾರಲ್ಲ" ಎಂದ. ಇದು ಪದ್ಧತಿಯ ಎರಡನೆಯ ಅನ್ಯಾಯ. ಭಕ್ಷೀಸು ಮುಖ ಕಂಡವರಿಗೆ ಮಾತ್ರ. ನಾವು ಖಾನಾವಳಿಗೆ ಹೋಗುವುದು ರೊಟ್ಟಿಗಾಗಿ. ಆ ರೊಟ್ಟಿಯನ್ನು ಬೆಳಗಿನಿಂದ ಒಲೆಯ ಝಳಕ್ಕೆ ಮುಖವೊಡ್ಡಿ ಬಡಿದವಳು ಒಳಗಿದ್ದಾಳೆ. ಅವಳ ಹೆಸರು ನಮಗೆ ಗೊತ್ತಿಲ್ಲ, ಮುಖ ಗೊತ್ತಿಲ್ಲ, ಬಳೆಯ ಸಪ್ಪಳ ಮಾತ್ರ ಕೇಳುತ್ತದೆ. ಮೆಚ್ಚುಗೆಯ ರೊಕ್ಕ ಅವಳ ತನಕ ಮುಟ್ಟುವುದೇ ಇಲ್ಲ. ಹಡಗಿನ ಮೇಲೆಯೂ ಅಷ್ಟೇ. ಕೆಳಗೆ ಪಾತ್ರೆ ತೊಳೆಯುವವನಿಗೆ ಯಾವ ವಿಜೇತನೂ ಬಿಲ್ಲೆ ಸರಿಸಿದ್ದಿಲ್ಲ.

ನನ್ನ ಮೇಲೆಯೂ ಒಂದು ಆರೋಪವಿದೆ, ಹೇಳಿಬಿಡುತ್ತೇನೆ. ನನ್ನ ಮೊದಲ ಮಗಳು ಹುಟ್ಟಿದಾಗ ಆಸ್ಪತ್ರೆಯೊಂದರ ಓಣಿಯಲ್ಲಿ ಕಾದು ನಿಂತಿದ್ದೆ. ಆಯಾ ಹೊರಗೆ ಬಂದು ತಗ್ಗಿದ ದನಿಯಲ್ಲಿ "ಹೆಣ್ಣು ಕೂಸ್ರೀ" ಎಂದಳು. ಅದಕ್ಕೆ ಸ್ವಲ್ಪ ಮೊದಲು ಪಕ್ಕದವರಿಗೆ ಗಂಡು ಕೂಸು ಹುಟ್ಟಿತ್ತು. ಅವರ ಅಜ್ಜ ಅದೇ ಆಯಾಳಿಗೆ ದೊಡ್ಡ ನೋಟು ಕೊಟ್ಟು ಪೇಢೆ ಹಂಚಿದ್ದರು. ನಾನೇನು ಕೊಟ್ಟೆ? ಅದರಲ್ಲಿ ಹತ್ತನೆಯ ಒಂದು ಪಾಲೂ ಅಲ್ಲ. ಅವಳೂ ಹೆಚ್ಚು ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು, ಈ ಮನೆಯವರು ಆಟ ಸೋತವರೆಂದು ಅವಳೂ ತಿಳಿದಿದ್ದಳು. ಹೆರಿಗೆಯ ನೀರು ಬಳಿದ ಕೈ ಎರಡು ಕೋಣೆಗಳಲ್ಲಿಯೂ ಒಂದೇ. ಮಗಳು ಇಂದು ದೊಡ್ಡವಳಾಗಿ ದುಡಿಯುತ್ತಾಳೆ. ಅವಳು ಹುಟ್ಟಿದ ದಿನ ನಾನು ಅವಳಿಗೆ ಕಟ್ಟಿದ ಬೆಲೆ ನೆನಪಾದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಗೆದ್ದವನು ಕೊಡುವ ಪದ್ಧತಿ ಕೊನೆಗೆ ಎಲ್ಲಿಗೆ ಬಂದು ಮುಟ್ಟುತ್ತದೆ ನೋಡಿರಿ: ಗಂಡು ಹುಟ್ಟಿದರೆ ಗೆಲುವು, ಹೆಣ್ಣು ಹುಟ್ಟಿದರೆ ಸೋಲು!

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. "ಭಕ್ಷೀಸೇ ಪಾಶ್ಚಾತ್ಯರ ರೋಗ, ನಮ್ಮಲ್ಲಿರಲಿಲ್ಲ, ಅದನ್ನು ಕಿತ್ತೊಗೆಯಿರಿ" ಎನ್ನುವವರು ಒಂದು ಕಡೆ. ಶಬ್ದವೇ ಪಾರಸಿಯದು, ಪಶ್ಚಿಮದಿಂದ ಬಂದದ್ದಲ್ಲ. ಶಬ್ದಕ್ಕೂ ಮೊದಲು ವಸ್ತುವಿತ್ತು. ಲಗ್ನದಲ್ಲಿ ಆಯೇರಿ ಇತ್ತು, ಸುಗ್ಗಿಯಲ್ಲಿ ಆಯಗಾರರಿಗೆ ಕಾಳು ಇತ್ತು, ನಾಟಕದ ರಂಗದ ಮೇಲೆ ನಟನ ಅಂಗಿಗೆ ಚುಚ್ಚುವ ನೋಟು ಇತ್ತು. ಗರೂಡ ಸದಾಶಿವರಾಯರ ಊರಿನವರಿಗೆ ನಾಟಕದ ಮೆಚ್ಚುಗೆಯ ರೊಕ್ಕವೆಂದರೇನೆಂದು ನಾನು ಹೇಳಬೇಕಾಗಿಲ್ಲ. ಆದರೆ ಇವುಗಳಲ್ಲಿ ಭೇದವಿದೆ. ನಟನ ನೋಟು ಮೆಚ್ಚುಗೆ. ಆಯಗಾರನ ಕಾಳು ಮೆಚ್ಚುಗೆಯಲ್ಲ, ಅವನ ಪಾಲು. ಬೆಳೆ ಬಂದರೆ ಅವನ ಪಾಲು ಇದ್ದೇ ಇತ್ತು, ಗೌಡನ ಮುಗುಳ್ನಗೆಗಾಗಿ ಅವನು ಕಾಯಬೇಕಾಗಿರಲಿಲ್ಲ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಅದನ್ನು ನಾನು ಮರಳಿ ಕರೆಯುತ್ತಿಲ್ಲ. ಪಾಲು ಬೇರೆ, ಪ್ರಸಾದ ಬೇರೆ ಎಂಬ ತಿಳಿವಳಿಕೆಯನ್ನಷ್ಟೇ ನೆನಪಿಸುತ್ತೇನೆ.

ನಮ್ಮ ಪುಲಿಗೆರೆಯ ಸೀಮೆ ಶಾಸನಗಳ ಸೀಮೆ. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಯ ಆವರಣದಲ್ಲಿ ನಿಂತು ನೋಡಿರಿ, ಲಕ್ಕುಂಡಿಯಲ್ಲಿ ೧೦೦೭ರ ಸುಮಾರಿಗೆ ಅತ್ತಿಮಬ್ಬೆ ಕಟ್ಟಿಸಿದ ಬಸದಿಯನ್ನು ನೋಡಿರಿ. ಆ ಕಾಲದ ಅರಸರೂ ಶ್ರೀಮಂತರೂ ದತ್ತಿ ಕೊಡುವಾಗ ಗುಡಿಯ ಪೂಜೆಗೆ, ವಾದ್ಯದವರಿಗೆ, ಓದಿಸುವವರಿಗೆ ಎಂದು ಭೂಮಿಯನ್ನು ಗೊತ್ತುಮಾಡಿ ಕಲ್ಲಿನ ಮೇಲೆ ಬರೆಯಿಸುತ್ತಿದ್ದರು. ಅಳುಪಿದವನಿಗೆ ಶಾಪವನ್ನೂ ಬರೆಯಿಸುತ್ತಿದ್ದರು. ಕೊಡುವವನ ಮರುದಿನದ ಮನಸ್ಸಿನ ಮೇಲೆ ದುಡಿಯುವವನ ಅನ್ನ ನಿಲ್ಲಬಾರದೆಂಬುದು ಆ ಕಲ್ಲಿನ ಅರ್ಥ. ಸಾವಿರ ವರ್ಷದ ಹಿಂದಿನವರಿಗೆ ತಿಳಿದದ್ದು ಫೋನು ಹಿಡಿದ ನಮಗೆ ತಿಳಿಯದೆ ಹೋಯಿತೆ?

ಇನ್ನೊಂದು ಕಡೆಯಿಂದ ಬರುವ ಆಕ್ಷೇಪಣೆ: "ಟಿಪ್ಪು ಕೊಟ್ಟರೆ ಆಳುಗಳು ಕೆಡುತ್ತಾರೆ." ಹಾಗಾದರೆ ದೀಪಾವಳಿಗೆ ಬೋನಸ್ಸು ತೆಗೆದುಕೊಂಡ ನಾವು ಎಷ್ಟು ಕೆಟ್ಟಿದ್ದೇವೆ? ಕಮಿಶನ್ನು ತೆಗೆದುಕೊಂಡ ದಲಾಲಿ ಎಷ್ಟು ಕೆಟ್ಟಿದ್ದಾನೆ? ರೊಕ್ಕದಿಂದ ಕೆಡುವ ಗುಣ ಬಡವನಿಗೆ ಮಾತ್ರ ಇದೆ ಎಂಬ ಈ ಶಾಸ್ತ್ರವನ್ನು ಬರೆದವರು ಯಾರೆಂದು ನನಗೆ ತಿಳಿಯದು. ಅವರು ಬಡವರಾಗಿರಲಿಲ್ಲವೆಂಬುದು ಮಾತ್ರ ಖಚಿತ.

ಮೂರನೆಯ ಆಕ್ಷೇಪಣೆ ಗಂಭೀರವಾದದ್ದು: "ಪಗಾರ ಕೊಡುವುದು ಮಾಲಕನ ಕೆಲಸ. ನಾವು ಟಿಪ್ಪು ಕೊಟ್ಟಷ್ಟೂ ಅವನು ಪಗಾರ ಕಡಿಮೆ ಮಾಡುತ್ತಾನೆ." ಇದು ನಿಜ, ಚರಿತ್ರೆಯೇ ಇದಕ್ಕೆ ಸಾಕ್ಷಿ. ಅಮೇರಿಕೆಯಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಪುಲ್‌ಮನ್ ರೈಲು ಕಂಪನಿಯು ಬಿಡುಗಡೆ ಹೊಂದಿದ ಕರಿಯರನ್ನು ಡಬ್ಬಿಯ ಸೇವಕರನ್ನಾಗಿ ಇಟ್ಟುಕೊಂಡಿತು. ಪಗಾರ ಅತ್ಯಲ್ಪ, ಉಳಿದದ್ದು ಪ್ರಯಾಣಿಕರ ಟಿಪ್ಪಿನಿಂದ. ಅವರು ೧೯೨೫ರಲ್ಲಿ ಸಂಘ ಕಟ್ಟಿ, ೧೯೩೭ರಲ್ಲಿ ಕಂಪನಿಯಿಂದ ಕರಾರು ಪಡೆಯುವವರೆಗೆ ಹೋರಾಡಬೇಕಾಯಿತು. ೧೯೦೯ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಪನ್ನೇ ನಿಷೇಧಿಸಿತು, ಇನ್ನು ಕೆಲವು ರಾಜ್ಯಗಳು ಹಿಂಬಾಲಿಸಿದವು. ೧೯೨೬ರ ಹೊತ್ತಿಗೆ ಆ ಕಾಯಿದೆಗಳೆಲ್ಲ ಅಳಿದುಹೋದವು. ಇಂದಿಗೂ ಅಲ್ಲಿಯ ಕೇಂದ್ರ ಕಾಯಿದೆಯ ಪ್ರಕಾರ ಟಿಪ್ಪು ಪಡೆಯುವ ಕೆಲಸಗಾರನಿಗೆ ಮಾಲಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ತಾಸಿಗೆ ೨ ಡಾಲರು ೧೩ ಸೆಂಟು. ಈ ಅಂಕೆ ೧೯೯೧ರಿಂದ ಕದಲಿಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಗಿರಾಕಿಯ ಔದಾರ್ಯದ ನೆರಳಿನಲ್ಲಿ ಮಾಲಕನ ಜಿಪುಣತನ ತಂಪಾಗಿ ಮಲಗಿದೆ.

ಆದರೆ ಇದರಿಂದ ಏನು ಸಿದ್ಧವಾಗುತ್ತದೆ? ಮಾಲಕನು ನ್ಯಾಯವಾಗಿ ಕೊಡಬೇಕೆಂದು ಸಿದ್ಧವಾಗುತ್ತದೆ. ಅವನು ಕೊಡುವತನಕ ನಾವೂ ಕೊಡಬಾರದೆಂದು ಸಿದ್ಧವಾಗುವುದಿಲ್ಲ. ತತ್ತ್ವವು ನಮ್ಮದು, ಉಪವಾಸವು ಹುಡುಗನದು. ಇಂಥ ತತ್ತ್ವ ಬಹಳ ಅಗ್ಗ. ಟಿಪ್ಪು ಕೊಡದಿರುವುದಕ್ಕೆ ಈ ವಾದ ಹೂಡುವವರಲ್ಲಿ ಎಷ್ಟು ಜನ ಮಾಲಕನ ಗಲ್ಲೆಯ ಮುಂದೆ ನಿಂತು "ಹುಡುಗನಿಗೆ ಪಗಾರ ಎಷ್ಟು ಕೊಡುತ್ತೀರಿ?" ಎಂದು ಕೇಳಿದ್ದಾರೆ?

ನಮ್ಮ ದೇಶದ ನ್ಯಾಯಾಲಯಗಳು ಈ ವಿಷಯದಲ್ಲಿ ಸುಮ್ಮನಿಲ್ಲ. ಜಯಪುರದ ರಾಮಬಾಗ ಪ್ಯಾಲೇಸ್ ಹೊಟೇಲಿನ ಕಾರ್ಮಿಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೬ರಲ್ಲಿಯೇ ಟಿಪ್ಪು ಕೂಲಿಯ ಭಾಗವಲ್ಲವೆಂದಿತು. ೨೦೧೬ರಲ್ಲಿ ಐ.ಟಿ.ಸಿ. ಕಂಪನಿಯ ಆದಾಯ ತೆರಿಗೆಯ ಮೊಕದ್ದಮೆಯಲ್ಲಿ, ಗಿರಾಕಿ ಕಾರ್ಡಿನಿಂದ ಕೊಟ್ಟ ಟಿಪ್ಪು ಮಾಲಕನ ಕೈಗೆ ಬಂದರೂ ಅದು ಅವನ ಹಣವಲ್ಲ, ನೌಕರರ ಪರವಾಗಿ ಅವನಲ್ಲಿರುವ ಇಡುಗಂಟು ಎಂಬ ಅರ್ಥದ ತೀರ್ಪು ಬಂತು. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೨ರ ಜುಲೈಯಲ್ಲಿ, ಬಿಲ್ಲಿನಲ್ಲಿ ತಾನಾಗಿಯೇ ಸೇವಾಶುಲ್ಕ ಸೇರಿಸಕೂಡದೆಂದಿತು. ಹೊಟೇಲಿನವರು ಕೋರ್ಟಿಗೆ ಹೋದರು. ೨೦೨೫ರ ಮಾರ್ಚಿಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡಿಯಿತು. ಕೊಡುವುದು ಗಿರಾಕಿಯ ಇಚ್ಛೆ, ಕಸಿದುಕೊಳ್ಳುವುದು ಮಾಲಕನ ಹಕ್ಕಲ್ಲ. ಒಳ್ಳೆಯದೇ ಆಯಿತು. ಆದರೆ ಗಿರಾಕಿಯನ್ನು ಕಾಯುವ ನಿಯಮ ಬಂತು. ಟಿಪ್ಪಿನ ಪೆಟ್ಟಿಗೆಯನ್ನು ನ್ಯಾಯವಾಗಿ ಹಂಚಬೇಕೆಂದು ನೌಕರನನ್ನು ಕಾಯುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿದೆ. ಅವರು ೨೦೨೩ರಲ್ಲಿ ಅದನ್ನು ಮಾಡಿ ೨೦೨೪ರ ಅಕ್ಟೋಬರ್ ೧ರಿಂದ ಜಾರಿಗೆ ತಂದರು. ಟಿಪ್ಪಿನಲ್ಲಿ ಮಾಲಕ ಒಂದು ಕಾಸೂ ಹಿಡಿದುಕೊಳ್ಳಕೂಡದು, ಹಂಚುವ ರೀತಿಯನ್ನು ಬರೆದು ಎಲ್ಲರಿಗೂ ತಿಳಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಭಕ್ಷೀಸಿನ ಪರವಾಗಿ ಬರೆಯುವವನನ್ನು ಲಂಚದ ಪರವಾಗಿ ಬರೆದನೆಂದು ತಿಳಿಯುವವರುಂಟು. ಎರಡಕ್ಕೂ ಇರುವ ಅಂತರವನ್ನು ಅಳೆಯಲು ಎರಡು ಕೋಲು ಸಾಕು. ಒಂದು, ಕೆಲಸಕ್ಕೆ ಮೊದಲೋ ಆಮೇಲೋ? ಎರಡು, ಕೊಡದಿದ್ದರೆ ನನ್ನ ಕೆಲಸ ಕೆಡುವ ಭಯವುಂಟೋ ಇಲ್ಲವೋ? ಕಚೇರಿಯಲ್ಲಿ ಉತಾರೆ ಕೊಡುವ ಮೊದಲು ಚಹಕ್ಕೆಂದು ಕೈಚಾಚುವವನಿಗೆ ಕೊಡುವುದು ಭಕ್ಷೀಸಲ್ಲ, ಲಂಚ. ಕೂಸಿನ ಮುಖ ತೋರಿಸುವ ಮೊದಲು ರೊಕ್ಕ ಎಣಿಸಿಕೊಳ್ಳುವುದೂ ಅದೇ. ನನ್ನ ಆಯಾ ಹಾಗೆ ಮಾಡಲಿಲ್ಲ, ಆದ್ದರಿಂದಲೇ ನನ್ನ ತಪ್ಪು ದೊಡ್ಡದು. ಈಚೆಗೆ ಬಾಡಿಗೆ ಮೋಟಾರು ಕರೆಯುವ ಫೋನಿನ ಕಂಪನಿಗಳು ಗಾಡಿ ಬರುವ ಮೊದಲೇ ಟಿಪ್ಪು ಸೇರಿಸಿರೆಂದು ಕೇಳತೊಡಗಿದವು. ೨೦೨೫ರ ಮೇ ತಿಂಗಳಲ್ಲಿ ನಮ್ಮ ಧಾರವಾಡದ ಲೋಕಸಭಾ ಸದಸ್ಯರೇ ಆದ ಗ್ರಾಹಕ ವ್ಯವಹಾರದ ಮಂತ್ರಿ ಪ್ರಹ್ಲಾದ ಜೋಶಿಯವರು ಅದನ್ನು ಅನೀತಿಯೆಂದರು, ಪ್ರಾಧಿಕಾರದಿಂದ ನೋಟೀಸೂ ಹೋಯಿತು. ಮೊದಲೇ ಕೊಡುವುದು ಟಿಪ್ಪಲ್ಲ, ಸವಾಲು. ಹೆಚ್ಚು ಕೂಗಿದವನಿಗೆ ಗಾಡಿ. ಅದೂ ಒಂದು ಜೂಜೇ.

ಹಾಗಾದರೆ ಏನು ಮಾಡಬೇಕೆಂದು ಕೇಳುತ್ತೀರಿ. ಬೈದು ಸುಮ್ಮನಾಗುವುದು ಸುಲಭ, ಆದ್ದರಿಂದ ಹೇಳುತ್ತೇನೆ.

ನಮ್ಮ ಕಡೆಯಿಂದ ಆಗಬೇಕಾದದ್ದು: ಭಕ್ಷೀಸನ್ನು ನಮ್ಮ ಗೆಲುವಿಗೆ ಗಂಟು ಹಾಕುವುದನ್ನು ಬಿಡಬೇಕು. ಬಿಲ್ಲಿನಲ್ಲಿ ಇಷ್ಟು ಭಾಗವೆಂದು ಮನೆಯ ಖರ್ಚಿನಂತೆ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು, ಧಾರಣೆ ಏರಿದ ದಿನವೂ ಇಳಿದ ದಿನವೂ ಅಷ್ಟನ್ನೇ ಇಡಬೇಕು. ಸಾಧ್ಯವಿಲ್ಲದವನು ಇಡಬೇಕಾಗಿಲ್ಲ, ಆದರೆ ಇಡುವವನು ಮನಸ್ಸು ಬಂದಂತೆ ಇಡಬಾರದು. ಫೋನಿನಲ್ಲಿ ಬಿಲ್ಲು ಕೊಡುವವರು ಜೇಬಿನಲ್ಲಿ ಹತ್ತರ ನಾಲ್ಕು ನೋಟು ಇಟ್ಟುಕೊಂಡರೆ ಜೇಬು ಹರಿಯುವುದಿಲ್ಲ. "ಒಳಗಿನವರಿಗೂ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಒಳಗಿನವರು ಇದ್ದಾರೆಂಬುದು ಹೇಳಿದವನಿಗೂ ನೆನಪಿರುತ್ತದೆ. ಎಸೆಯಬಾರದು, ಕೂಗಿ ಕರೆದು ನಾಲ್ಕು ಜನ ನೋಡುವಂತೆ ಕೊಡಬಾರದು. ಕೊಟ್ಟ ಮೇಲೆ ಸಲಾಮಿಗಾಗಿ ಕಾಯಬಾರದು. ಹಡಗಿನ ಮೇಜಿನ ಮುಂದೆ ಇಷ್ಟೆಲ್ಲ ಸಭ್ಯತೆಯನ್ನು ಒಂದೇ ರಾತ್ರಿಯಲ್ಲಿ ಕಲಿತು ಬರುವ ನಮಗೆ ಊರಿನ ಮೇಜಿನ ಮುಂದೆ ಕಲಿಯಲು ಅಡ್ಡಿಯೇನು?

ಮಾಲಕರ ಕಡೆಯಿಂದ ಆಗಬೇಕಾದದ್ದು: ಕನಿಷ್ಠ ವೇತನವೆಂಬುದು ೧೯೪೮ರ ಕಾಯಿದೆಯಿಂದ ಈ ದೇಶದಲ್ಲಿದೆ. ಅದರ ಜಾಗದಲ್ಲಿ ಬಂದ ೨೦೧೯ರ ವೇತನ ಸಂಹಿತೆ ೨೦೨೫ರ ನವೆಂಬರ್ ೨೧ರಿಂದ ಜಾರಿಯಲ್ಲಿದೆ. ಊಟದ ದರದ ಹಲಗೆಯ ಪಕ್ಕದಲ್ಲಿ "ಇಲ್ಲಿಯ ಕೆಲಸಗಾರರಿಗೆ ಕಾಯಿದೆಯ ಪ್ರಕಾರ ಪಗಾರವಿದೆ, ಭಕ್ಷೀಸಿನ ಪೆಟ್ಟಿಗೆ ಅಡಿಗೆಯವರೂ ಸೇರಿ ಎಲ್ಲರಿಗೂ ಸಮವಾಗಿ ಸಲ್ಲುತ್ತದೆ" ಎಂಬ ಇನ್ನೊಂದು ಹಲಗೆ ತೂಗಲಿ. ಬರೆಯಲು ಧೈರ್ಯವಿಲ್ಲದವನು ಏಕೆ ಬರೆಯಲಿಲ್ಲವೆಂದು ಗಿರಾಕಿಗಳು ತಾವೇ ತಿಳಿದುಕೊಳ್ಳಬಹುದು. ಪೆಟ್ಟಿಗೆಯ ಕೀಲಿ ಗಲ್ಲೆಯಲ್ಲಿರಬಾರದು, ಕೆಲಸಗಾರರ ಕೈಯಲ್ಲಿರಬೇಕು. ಫೋನಿನ ಚೀಟಿಯೊಂದು ಮಾಲಕನ ಖಾತೆಗಿದ್ದರೆ ಇನ್ನೊಂದು ಚೀಟಿ ಆ ಪೆಟ್ಟಿಗೆಗೆ ಇರಲಿ.

ಇದು ನಡೆಯುವ ಮಾತಲ್ಲ ಎಂದು ನಗುವವರಿಗೆ ನಮ್ಮ ತಾಲೂಕಿನದೇ ಉದಾಹರಣೆ ಕೊಡುತ್ತೇನೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಆಗಲೂ ನಕ್ಕವರಿದ್ದಿರಬೇಕು. ಸಾಲವೆಂದರೆ ಸಾಹುಕಾರನ ಕೃಪೆ ಎಂದು ತಿಳಿದಿದ್ದ ಕಾಲದಲ್ಲಿ ಅದು ರೈತನು ತನ್ನವರೊಡನೆ ಕೂಡಿ ಪಡೆಯುವ ಹಕ್ಕು ಎಂದು ಆ ಹಳ್ಳಿ ತೋರಿಸಿಕೊಟ್ಟಿತು. ಇಡೀ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು ಎಂದು ನಾವು ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ. ಆ ಕಣಗಿನಹಾಳದ ನೆರೆಯವರಿಗೆ, ನಾಲ್ಕು ಹುಡುಗರೂ ಮೂರು ಜನ ರೊಟ್ಟಿ ಬಡಿಯುವವರೂ ಕೂಡಿ ಒಂದು ಡಬ್ಬಿಯ ಲೆಕ್ಕ ಇಡುವುದು ಅಸಾಧ್ಯವೆ?

ಜೂಜಿಗೆ ಹೋಗಬೇಡಿರೆಂದು ನಾನು ಇಲ್ಲಿ ಉಪದೇಶ ಮಾಡಲಿಲ್ಲ, ಅದು ಬೇರೆ ಲೇಖನ. ಹೋದವರು ಅಲ್ಲಿಯ ಹುಡುಗಿಗೆ ಕೊಡಬೇಡಿರೆಂದೂ ಹೇಳಲಿಲ್ಲ. ಕೊಡಿರಿ. ಸೋತ ರಾತ್ರಿಯೂ ಕೊಡಿರಿ, ಆ ರಾತ್ರಿಯೇ ಅವಳಿಗೆ ಹೆಚ್ಚು ಬೇಕಾಗಿರುತ್ತದೆ. ಆದರೆ ಘಾಟು ಹತ್ತಿ ಊರಿಗೆ ಬಂದ ಮೇಲೆ ಆ ಕೈಯನ್ನು ಮಡಚಿ ಇಟ್ಟುಕೊಳ್ಳಬೇಡಿರಿ.

ಸ್ನೇಹಿತರಿಗೆ ಈ ಲೇಖನವನ್ನು ಮೊದಲೇ ಓದಿ ತೋರಿಸಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನನ್ನ ಹೆಸರ ಹಾಕಿಲ್ಲ ಹೌದಿಲ್ಲೋ?" ಎಂದರು. ಹಾಕಿಲ್ಲವೆಂದೆ. "ಹಂಗಾರ ನಡೀರಿ, ಊಟಕ್ಕ ಹೋಗೂಣು" ಎಂದು ಎದ್ದರು. ಅದೇ ಖಾನಾವಳಿ, ಅದೇ ಹುಡುಗ. ಬಿಲ್ಲು ಫೋನಿನಿಂದಲೇ ಹೋಯಿತು. ಏಳುವಾಗ ಅವರು ಅಂಗಿಯ ಜೇಬಿನಿಂದ ಎರಡು ನೋಟು ತೆಗೆದು ತಾಟಿನ ಕೆಳಗೆ ಇಟ್ಟು, ನನ್ನ ಮುಖ ನೋಡದೆ, ಹುಡುಗನಿಗೆ ಹೇಳಿದರು: "ಒಂದ ನಿಂದು. ಇನ್ನೊಂದ ಒಳಗಿನ ಅವ್ವಾರ್ದು. ಕೊಡ್ತಿ ಇಲ್ಲೋ?"

"ಕೊಡ್ತೇನ್ರೀ" ಎಂದು ಹುಡುಗ ಅಡಿಗೆಮನೆಯ ಕಡೆ ತಿರುಗಿ ನೋಡಿದ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು.